ಸೀಟು ಕಿತ್ತ ಬಸ್ಸು

ಬಸ್ಸಿನೊಳಗೆ ಸ್ಟ್ರೆಚರ್ ಹೊರಳುವುದಿಲ್ಲ. ಆರೂವರೆ ಅಡಿ ಉದ್ದದ ಅದನ್ನು ಎರಡೂವರೆ ಅಡಿಯ ಬಾಗಿಲಲ್ಲಿ ಮೂರು ಮೆಟ್ಟಿಲು ಹತ್ತಿಸಬೇಕು, ಹತ್ತಿಸಿದ ಕೂಡಲೇ ಬಲಕ್ಕೆ ತಿರುಗಿಸಬೇಕು, ತಿರುಗಿಸುವ ಜಾಗದಲ್ಲೇ ಒಂದು ಕಂಬಿ ನಿಂತಿರುತ್ತದೆ. ಕಂಬಿ ಕಿತ್ತರೆ ಮೊದಲ ಸೀಟು ಅಡ್ಡ. ಅದನ್ನೂ ಕಿತ್ತರೆ ಸೀಟಿನ ಕಾಲು ಕೂತಿದ್ದ ಆಂಗಲ್ ಪಟ್ಟಿ ಕಾಲಿಗೆ ಬಡಿಯುತ್ತದೆ. ಸಾರಿಗೆ ಸಂಸ್ಥೆಯ ಡಿಪೋಗಳಲ್ಲಿ 36 ವರ್ಷ ಟಿಂಕರ್ ಆಗಿದ್ದವನು ನಾನು. ತಗಡು ಬಡಿಯುವುದು, ನೆಗ್ಗು ತೆಗೆಯುವುದು, ರಿವೆಟ್ ಹೊಡೆಯುವುದು ನನ್ನ ಕಸುಬು. ಹಳೇ ಬಸ್ಸನ್ನು ಆಸ್ಪತ್ರೆ ಮಾಡಿದರು ಎಂದು ಪತ್ರಿಕೆಯಲ್ಲಿ ಫೋಟೊ ಬಂದರೆ ಎಲ್ಲರೂ ಒಳಗಿನ ಹಾಸಿಗೆ ನೋಡುತ್ತಾರೆ. ನನ್ನ ಕಣ್ಣು ಬಾಗಿಲು ಹುಡುಕುತ್ತದೆ.

ನಮ್ಮೂರು ಹಲಕುಂದಿ. ಬಳ್ಳಾರಿಯಿಂದ ಚಳ್ಳಕೆರೆ, ಹಿರಿಯೂರಿನ ಕಡೆ ಹೋಗುವ ಹೆದ್ದಾರಿಯ ಮೇಲಿದೆ. ಅದೇ ಹೆದ್ದಾರಿಯನ್ನು ಉತ್ತರಕ್ಕೆ ಹಿಡಿದರೆ ಸಿರುಗುಪ್ಪ, ತುಂಗಭದ್ರೆ, ಸಿಂಧನೂರು. ಹೆದ್ದಾರಿ ಪಕ್ಕದ ಊರಿನವರಿಗೆ ವಾಹನ ಅಂದರೆ ಬದುಕು, ಅಪಘಾತ ಅಂದರೆ ನಿತ್ಯದ ಸುದ್ದಿ. ನಾನು ಈ ಕಸುಬಿಗೆ ಬಿದ್ದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ನಮ್ಮ ಜಿಲ್ಲೆಯ ಬಸ್ಸಿಗೆ ಎರಡು ತವರುಮನೆ. ಮೈಸೂರು ಸರ್ಕಾರ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ತನ್ನದೇ ರಸ್ತೆ ಸಾರಿಗೆ ಶುರು ಮಾಡಿದಾಗ ನಾವು ಮದ್ರಾಸ್ ಪ್ರಾಂತ್ಯದಲ್ಲಿದ್ದೆವು. 1953ರ ಅಕ್ಟೋಬರ್ 1ಕ್ಕೆ ಬಳ್ಳಾರಿ ಮೈಸೂರಿಗೆ ಸೇರಿತು. ಅಲ್ಲಿಯವರೆಗೆ ಇಲ್ಲಿ ಓಡಿದವು ಖಾಸಗಿ ಮಾಲೀಕರ ಗಾಡಿಗಳು. ಅಪ್ಪ ಚಿಕ್ಕವರಿದ್ದಾಗ, ಎರಡನೇ ಮಹಾಯುದ್ಧದ ಪೆಟ್ರೋಲ್ ಬರದಲ್ಲಿ, ಬಸ್ಸಿನ ಬೆನ್ನಿಗೆ ಒಂದು ಡ್ರಮ್ ಕಟ್ಟಿ ಅದರಲ್ಲಿ ಇದ್ದಲು ಸುಟ್ಟು ಆ ಅನಿಲದಲ್ಲೇ ಎಂಜಿನ್ ಓಡಿಸುತ್ತಿದ್ದರಂತೆ. ಕ್ಲೀನರ್ ಹುಡುಗ ಬೆಳಿಗ್ಗೆ ಎದ್ದು ಗಾಳಿಯಂತ್ರ ತಿರುವಬೇಕು. ದಿಬ್ಬ ಬಂದರೆ ಪ್ರಯಾಣಿಕರು ಇಳಿದು ತಳ್ಳಬೇಕು. ಇದನ್ನು ಹೇಳುವಾಗ ಅಪ್ಪ ನಗುತ್ತಿದ್ದರು, ನನಗೆ ಮಾತ್ರ ಆ ಡ್ರಮ್ಮಿನ ಬೆಸುಗೆ ಯಾರು ಹಾಕಿದರು ಎಂಬ ಯೋಚನೆ. ಬಸ್ಸನ್ನು ಆಪತ್ತಿಗೆ ತಕ್ಕಂತೆ ಬಗ್ಗಿಸಿದ ಕೈಗಳು ಮೊದಲಿನಿಂದಲೂ ಗ್ಯಾರೇಜಿನವೇ.

1961ರ ಆಗಸ್ಟ್‌ನಲ್ಲಿ ಕೆ.ಎಸ್.ಆರ್.ಟಿ.ಸಿ. ಆಯಿತು. 2000ದ ಆಗಸ್ಟ್ 15ಕ್ಕೆ ಕಲಬುರಗಿ ಕೇಂದ್ರವಾಗಿ ಈಶಾನ್ಯ ಸಾರಿಗೆ ಬೇರೆಯಾಯಿತು, ನಾವು ಅದರ ಪಾಲಿಗೆ ಬಂದೆವು. 2021ರಲ್ಲಿ ಅದೇ ಕಲ್ಯಾಣ ಕರ್ನಾಟಕ ಎಂದು ಹೆಸರು ಬದಲಿಸಿತು. ಹೆಸರು ಬದಲಾದಾಗೆಲ್ಲ ಬಸ್ಸಿನ ಪಕ್ಕೆಯ ಮೇಲಿನ ಅಕ್ಷರ ಅಳಿಸಿ ಬರೆಯುವ ಕೆಲಸ ನಮ್ಮ ಪಕ್ಕದ ಪೇಂಟರ್‌ಗಳದ್ದು. ಅವರಿಗೆ ರಾಜ್ಯದ ಚರಿತ್ರೆ ಬಣ್ಣದ ಡಬ್ಬಿಯ ಲೆಕ್ಕದಲ್ಲಿ ಬಾಯಿಪಾಠ.

ನಾನು 1985ರಲ್ಲಿ ಸೇರಿದೆ. ಬಸ್ಸಿನ ವಯಸ್ಸನ್ನು ಡಿಪೋದಲ್ಲಿ ವರ್ಷದಲ್ಲಿ ಎಣಿಸುತ್ತಿರಲಿಲ್ಲ, ಕಿಲೋಮೀಟರಿನಲ್ಲಿ ಎಣಿಸುತ್ತಿದ್ದೆವು. ‘ಎಷ್ಟಾತು ಇದು?’ ಅಂದರೆ ‘ಆರು ದಾಟೈತೆ’ ಎಂಬ ಉತ್ತರ. ಆರು ಎಂದರೆ ಆರು ಲಕ್ಷ. ದೂರದ ರೂಟಿನಿಂದ ಇಳಿದ ಬಸ್ಸು ಹಳ್ಳಿ ರೂಟಿಗೆ, ಅಲ್ಲಿಂದ ಸಿಟಿಗೆ, ಸಿಟಿಯಿಂದ ಬೇಲಿಪಕ್ಕದ ಜಾಲಿ ಗಿಡದ ನೆರಳಿಗೆ. ಆ ನೆರಳಿನಲ್ಲಿ ನಿಂತದ್ದಕ್ಕೆ ಮೂರು ದಾರಿ. ಬಹುಪಾಲು ಹರಾಜಿಗೆ. ಒಂದಿಷ್ಟು ಹೊಸ ಚಾಲಕರ ತರಬೇತಿಗೆ. ಅಪರೂಪಕ್ಕೆ ಒಂದು, ಎಂಜಿನ್ ಇನ್ನೂ ಗಟ್ಟಿಯಿದ್ದು ಬಾಡಿ ಮಾತ್ರ ಸೋತಿದ್ದರೆ, ಬಿ.ಡಿ. ವ್ಯಾನ್ ಆಗುತ್ತಿತ್ತು.

ಬಿ.ಡಿ. ಅಂದರೆ ಬ್ರೇಕ್‌ಡೌನ್. ಈ ಗಾಡಿಯ ಬಗ್ಗೆ ಯಾರೂ ಬರೆದದ್ದನ್ನು ನಾನು ಕಂಡಿಲ್ಲ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೊದಲು ಎಲ್ಲ ಸೀಟು ಕೀಳಬೇಕು. ಹತ್ತು ವರ್ಷ ಬೆವರು, ಮಳೆ, ಬಳ್ಳಾರಿಯ ಕೆಂಪು ಧೂಳು ಕುಡಿದ ಬೋಲ್ಟು ಸ್ಪ್ಯಾನರ್‌ಗೆ ಬಗ್ಗುವುದಿಲ್ಲ, ಉಳಿಯಿಂದ ತಲೆ ಹಾರಿಸಬೇಕು. ಸೀಟಿನಡಿಯಲ್ಲಿ ಸಿಗುವ ಸಾಮಾನಿನ ಕತೆಯೇ ಬೇರೆ: ಕಾಲ್ಗೆಜ್ಜೆಯ ಒಂದು ಕಾಲು, ಐದು ಪೈಸೆ, ಕಳ್ಳೆಬೀಜದ ಸಿಪ್ಪೆ, ಯಾರದೋ ಹತ್ತನೇ ತರಗತಿಯ ಹಾಲ್ ಟಿಕೆಟ್. ಆಮೇಲೆ ಮುಂದೆ ಎಂಟು ಜನ ಕೂರುವಷ್ಟು ಸೀಟು ಉಳಿಸಿ, ಹಿಂದೆ ಪೂರಾ ಖಾಲಿ ಮಾಡಿ, ಹಿಂಬದಿಯ ತಗಡು ಕತ್ತರಿಸಿ ಎರಡು ಕದದ ಅಗಲ ಬಾಗಿಲು ಕೂರಿಸುತ್ತಿದ್ದೆವು. ಒಳಗೆ ವೈಸ್ ಬೆಂಚು, ಇಬ್ಬರು ಹಿಡಿದು ಎತ್ತಬೇಕಾದ ಎರಡು ಟೈರು, ಜಾಕು, ಚೈನ್ ಪುಲ್ಲಿ, ಗ್ಯಾಸ್ ಕಟರ್ ಸಿಲಿಂಡರು, ಎಳೆಯುವ ರಾಡು, ರೇಡಿಯೇಟರಿಗೆ ನೀರಿನ ಕ್ಯಾನು, ಟಾರ್ಪಾಲು. ಚಕ್ರಕ್ಕೆ ಅಡ್ಡ ಇಡುವ ಮರದ ಗುಟ್ಟಗಳನ್ನು ಚಳಿಗಾಲದಲ್ಲಿ ಯಾರೋ ಚಹಾ ಕಾಯಿಸಲು ಒಲೆಗೆ ಹಾಕಿಬಿಟ್ಟರು. ಆಮೇಲೆ ನಾನು ಬಳ್ಳಾರಿ ಗುಡ್ಡದ ಕಡೆಯಿಂದ ಒಂದು ಗ್ರಾನೈಟ್ ತುಂಡು ತಂದು, ಮೂಲೆ ಒಡೆದು ಓರೆ ಮಾಡಿ, ಗಾಡಿಯೊಳಗೆ ಹಾಕಿದೆ. ಕಲ್ಲನ್ನು ಯಾರೂ ಸುಡುವುದಿಲ್ಲ.

ಕಾಗದದ ಮೇಲೆ ಅದು ಕೆಟ್ಟ ಬಸ್ಸು ರಿಪೇರಿಗೆ ಹೋಗುವ ಗಾಡಿ. ರಸ್ತೆಯ ಮೇಲೆ ಅದರ ಕೆಲಸ ಅಷ್ಟೇ ಆಗಿರಲಿಲ್ಲ. ಕರ್ನಾಟಕಕ್ಕೆ 108 ಆಂಬುಲೆನ್ಸ್ ಬಂದದ್ದು 2008ರ ನವೆಂಬರ್ 1ಕ್ಕೆ. ಅದಕ್ಕೂ ಮುಂಚೆ ರಾತ್ರಿ ಎರಡು ಗಂಟೆಗೆ ಬಸ್ಸು ಮಗುಚಿತು ಎಂದು ಫೋನು ಬಂದರೆ ಹೊರಡುತ್ತಿದ್ದದ್ದು ನಾವು: ಒಬ್ಬ ಡ್ರೈವರ್, ಒಬ್ಬ ಮೆಕ್ಯಾನಿಕ್, ಒಬ್ಬ ಎಲೆಕ್ಟ್ರಿಷಿಯನ್, ಒಬ್ಬ ಟಿಂಕರ್. ಗಾಯಗೊಂಡವರಲ್ಲಿ ನಡೆಯಬಲ್ಲವರು ದಾರಿಯ ಲಾರಿ ಹತ್ತಿ ಹೋಗಿರುತ್ತಿದ್ದರು. ತಗಡಿನೊಳಗೆ ಸಿಕ್ಕಿಕೊಂಡವರು ಉಳಿದಿರುತ್ತಿದ್ದರು. ಗ್ಯಾಸ್ ಕಟರ್ ಹಚ್ಚುವ ಮುಂಚೆ ಡೀಸೆಲ್ ಸೋರಿದೆಯೋ ನೋಡಬೇಕು, ಸಿಕ್ಕಿಕೊಂಡವನ ಮೈಮೇಲೆ ಒದ್ದೆ ಗೋಣಿ ಹೊದಿಸಬೇಕು, ಕಿಡಿ ಅವನ ಮುಖದ ಕಡೆ ಹಾರದಂತೆ ಕೈ ತಿರುಗಿಸಿ ಹಿಡಿಯಬೇಕು. ಇದನ್ನು ನಮಗೆ ಯಾರೂ ಕಲಿಸಲಿಲ್ಲ. ಆ ಅಗಲ ಬಾಗಿಲಿನಿಂದ ಟಾರ್ಪಾಲಿನ ಮೇಲೆ ಮಲಗಿಸಿ ಒಳಗೆ ಜಾರಿಸಿದ ಜನರನ್ನು ನಾನು ಎಣಿಸಿಲ್ಲ.

ಗಣಿಯ ವರ್ಷಗಳಲ್ಲಿ ಬಿ.ಡಿ. ವ್ಯಾನ್‌ಗೆ ಬಿಡುವೇ ಇರಲಿಲ್ಲ. ಚೀನಾಕ್ಕೆ ಅದಿರು ಹೋಗುತ್ತಿದ್ದ ಕಾಲ. ಸಂಡೂರು, ಹೊಸಪೇಟೆ ದಾರಿಗಳಲ್ಲಿ ಲಾರಿಗಳ ಸಾಲು ಮುಗಿಯುವುದೇ ಇಲ್ಲ, ರಸ್ತೆಯಲ್ಲಿದ್ದದ್ದು ಗುಂಡಿಯಲ್ಲ, ಕಾಲುವೆ. ಕಮಾನು ಪಟ್ಟಿ ಮುರಿಯುವುದು, ಚಾಸಿಗೆ ಬಿರುಕು, ಕಿಟಕಿಯ ಕಂಬ ಬೆಸುಗೆ ಬಿಡುವುದು. ಆರು ಲಕ್ಷಕ್ಕೆ ಬರಬೇಕಾದ ಮುಪ್ಪು ಅರ್ಧಕ್ಕೇ ಬರುತ್ತಿತ್ತು. 2011ರ ಜುಲೈ ಕೊನೆಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಊರೆಲ್ಲ ರೊಕ್ಕದ ಮಾತಾಡಿತು. ನಮ್ಮ ಶೆಡ್ಡಿನಲ್ಲಿ ಮಾತ್ರ ಬೆಸುಗೆ ಕಡ್ಡಿಯ ಖರ್ಚು ಇಳಿಯಿತು.

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಮಳೆ ಸಿರುಗುಪ್ಪ ತಾಲ್ಲೂಕಿನವರಿಗೆ ಈಗಲೂ ಕಣ್ಣ ಮುಂದಿದೆ. ತುಂಗಭದ್ರೆಯೂ ವೇದಾವತಿಯೂ, ನಮ್ಮ ಮಾತಿನಲ್ಲಿ ಹಗರಿ, ಒಟ್ಟಿಗೇ ಏರಿದವು. ಕೆಳಗೆ ಮಂತ್ರಾಲಯ, ಕರ್ನೂಲು ಮುಳುಗಿದವು. ನಾವು ವ್ಯಾನ್ ತೆಗೆದುಕೊಂಡು ಹೋದದ್ದು ನೀರಿನಲ್ಲಿ ನಿಂತ ಒಂದು ಬಸ್ಸನ್ನು ಎಳೆಯಲು. ಎಳೆದದ್ದು ಮಾರನೇ ದಿನ. ಮೊದಲ ರಾತ್ರಿ ವ್ಯಾನಿನೊಳಗೆ ಅಕ್ಕಿ ಚೀಲ, ಎರಡು ಆಡು, ಒಬ್ಬಳು ಬಾಣಂತಿ, ಅವಳ ಅತ್ತೆ, ಮತ್ತೆ ನನ್ನ ವೈಸ್ ಬೆಂಚಿನ ಮೇಲೆ ಒಣಹಾಕಿದ ಹಸುಗೂಸಿನ ಬಟ್ಟೆ. ಎತ್ತರದ ಚಾಸಿ ದಿನನಿತ್ಯ ಮುದುಕಿಯರ ಶಾಪ ತಿನ್ನುತ್ತಿತ್ತು. ಆ ರಾತ್ರಿ ನೀರು ಆಕ್ಸಲ್‌ವರೆಗೆ ಬಂದರೂ ನೆಲ ಒಣಗಿತ್ತು. ನಗರಗಳಿಗೆ ನೆಲ ತಗ್ಗಿದ ಬಸ್ಸು ಬಂದಾಗ ರೋಗಿಗಳಿಗೆ, ವೃದ್ಧರಿಗೆ ಒಳ್ಳೆಯದೆಂದರು; ಒಳ್ಳೆಯದೇ. ಹಗರಿ ದಡಕ್ಕೆ ಮಾತ್ರ ನಾನು ಅದನ್ನು ಒಯ್ಯಲಾರೆ.

ಬಸ್ಸಿಗೆ ಇಂಥ ಎರಡನೇ ಬದುಕು ಹೊಸದಲ್ಲ. ಮೊದಲ ಮಹಾಯುದ್ಧಕ್ಕೆ ಲಂಡನ್ನಿನ ಸುಮಾರು 900 ಬಸ್ಸುಗಳು ಹೋದವು. ಸೈನಿಕರನ್ನು ಹೊತ್ತವು, ಕೆಲವು ಆಂಬುಲೆನ್ಸ್ ಆದವು, ಕೆಲವು ಪತ್ರ ಒಯ್ಯುವ ಪಾರಿವಾಳಗಳ ಗೂಡಾದವು. ಅವುಗಳಲ್ಲಿ ಒಂದು, ‘ಓಲ್ ಬಿಲ್’ ಎಂಬ ಅಡ್ಡಹೆಸರಿನದು, ಈಗಲೂ ಅಲ್ಲಿನ ಯುದ್ಧ ವಸ್ತುಸಂಗ್ರಹಾಲಯದ ಸೊತ್ತು. 1939ರಲ್ಲಿ ಮತ್ತೆ ಯುದ್ಧ ಬಂದಾಗ ಅಲ್ಲಿನ ಗ್ರೀನ್ ಲೈನ್ ಕೋಚುಗಳ ಸೀಟು ಕಿತ್ತು, ಸ್ಟ್ರೆಚರ್ ಇಡಲು ಚೌಕಟ್ಟು ಹೂಡಿದರು. ಆದರೆ ಅವೆಲ್ಲ ಓಡುತ್ತಿದ್ದ ಗಾಡಿಗಳು. ಸರ್ಕಾರ ಕೇಳಿತು, ಕೊಟ್ಟರು. ನಮ್ಮಲ್ಲಿ ಆಪತ್ತಿಗೆ ಬಂದದ್ದು ಓಡಿ ಮುಗಿದದ್ದು.

2020ರ ಲಾಕ್‌ಡೌನಿನಲ್ಲಿ ಡಿಪೋ ತುಂಬ ಬಸ್ಸು ನಿಂತಿತ್ತು. ನಿಂತ ಬಸ್ಸು ಓಡುವ ಬಸ್ಸಿಗಿಂತ ಬೇಗ ಕೆಡುತ್ತದೆ. ಸರದಿಯಲ್ಲಿ ಬಂದು ಸ್ಟಾರ್ಟ್ ಮಾಡಿ ಆಫ್ ಮಾಡಿ ಹೋಗುತ್ತಿದ್ದೆವು. ಆಗ ವಾಟ್ಸ್ಆ್ಯಪ್‌ನಲ್ಲಿ ಒಂದರ ಹಿಂದೊಂದು ಫೋಟೊ. ಮೊದಲು ಬಂದದ್ದು ‘ಸಾರಿಗೆ ಸಂಜೀವಿನಿ’. ಹಳೇ ಬಸ್ಸಿನೊಳಗೆ ಪೈಪು ಕಟ್ಟಿ, ಒಂದು ಬಾಗಿಲಲ್ಲಿ ಹತ್ತಿ ಇನ್ನೊಂದರಲ್ಲಿ ಇಳಿಯುವವರ ಮೇಲೆ ಸೋಂಕುನಿವಾರಕ ಸಿಂಪಡಿಸುವ ವ್ಯವಸ್ಥೆ. ಎರಡು ಬಾಗಿಲಿನ ಬಸ್ಸಿಗೆ ಇದಕ್ಕಿಂತ ಸರಿಯಾದ ಉಪಯೋಗ ಉಂಟೇ ಎಂದು ನಾನು ತಲೆದೂಗಿದೆ. ಅದೇ ಏಪ್ರಿಲ್ 18ಕ್ಕೆ ಕೇಂದ್ರ ಆರೋಗ್ಯ ಸಚಿವಾಲಯ, ಮನುಷ್ಯರ ಮೈಮೇಲೆ ಇಂಥ ರಾಸಾಯನಿಕ ಸಿಂಪಡಿಸಬೇಡಿ, ಕಣ್ಣು ಚರ್ಮಕ್ಕೆ ಹಾನಿ ಎಂದು ಸಲಹೆ ಹೊರಡಿಸಿತು. ಕಸುಬು ಚೆನ್ನಾಗಿದ್ದರೆ ಸಾಲದು, ಮದ್ದೂ ಸರಿಯಿರಬೇಕು.

ಮೈಸೂರಿನ ಬಸ್ಸು ಬೇರೆ ತರಹ. ಅಲ್ಲಿನ ಕೆ.ಎಸ್.ಆರ್.ಟಿ.ಸಿ.ಯವರು 2020ರ ಮೇ ಹೊತ್ತಿಗೆ ಹಳೇ ಬಸ್ಸೊಂದನ್ನು ಸಂಚಾರಿ ಜ್ವರ ಚಿಕಿತ್ಸಾಲಯ ಮಾಡಿದರು. ರೋಗಿಗೆ ಮಂಚ, ವೈದ್ಯರಿಗೆ ಕೋಣೆ, ಔಷಧದ ಪೆಟ್ಟಿಗೆ, ಕೈ ತೊಳೆಯುವ ಬೇಸಿನ್ನು, ನೀರು. ಖರ್ಚು 50 ಸಾವಿರ ರೂಪಾಯಿ. ನಮ್ಮ ಹುಡುಗರು ನಂಬಲಿಲ್ಲ. ನಾನು ಫೋಟೊ ದೊಡ್ಡದು ಮಾಡಿ ಲೆಕ್ಕ ಹಾಕಿದೆ: ಪ್ಲೈವುಡ್, ಅಲ್ಯುಮಿನಿಯಂ ಸೆಕ್ಷನ್, ಬೇಸಿನ್ನು, ಟ್ಯಾಂಕು, ವೈರು, ಬಣ್ಣ. ಬಸ್ಸಿಗೆ ಬೆಲೆ ಇಲ್ಲ, ಏಕೆಂದರೆ ಅದು ಪುಸ್ತಕದಲ್ಲಿ ಸತ್ತಿದೆ. ನಮ್ಮ ಕೂಲಿಗೂ ಬೆಲೆ ಇಲ್ಲ, ಏಕೆಂದರೆ ಸಂಬಳ ಹೇಗೂ ಬರುತ್ತದೆ. ಹಾಗೆ ಹಿಡಿದರೆ 50 ಸಾವಿರ ಸರಿಯೇ. ಅದೇ ಆಗಸ್ಟ್‌ನಲ್ಲಿ ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಹಳೇ ಬಸ್ಸೊಂದು ಮಹಿಳೆಯರ ಶೌಚಾಲಯವಾಯಿತು, ಅದಕ್ಕೆ 12 ಲಕ್ಷ. ಅದರ ಫೋಟೊದ ಕೆಳಗೆ ನಮ್ಮ ಪೇಂಟರ್ ಬರೆದ, ‘ಗುರುವೇ, ಇದಕ್ಕೆ ಟಿಂಕರ್ ಅಲ್ಲ, ಕಂಟ್ರಾಕ್ಟರ್ ಬೇಕು.’

2021ರ ಮೇ. ಎರಡನೇ ಅಲೆಯಲ್ಲಿ ‘ಸಾರಿಗೆ ಸುರಕ್ಷಾ’ ಎಂಬ ಐ.ಸಿ.ಯು. ಬಸ್ಸು ಬೆಂಗಳೂರಿನಲ್ಲಿ ಬಂತು, ಐದು ಹಾಸಿಗೆ, ಆಮ್ಲಜನಕ, ವೆಂಟಿಲೇಟರ್. ಅದೇ ತಿಂಗಳು ನಮ್ಮ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಯ ಪಕ್ಕದಲ್ಲೇ 1000 ಹಾಸಿಗೆಯ ತಾತ್ಕಾಲಿಕ ಆಸ್ಪತ್ರೆ ಎದ್ದಿತು. ಉಕ್ಕು ತಯಾರಿಸುವ ಆಮ್ಲಜನಕವೇ ಉಸಿರಿಗೂ. ಬೆಂಗಳೂರು ಹಾಸಿಗೆಗೆ ಚಕ್ರ ಕಟ್ಟಿದರೆ, ಬಳ್ಳಾರಿ ಆಮ್ಲಜನಕ ಇದ್ದಲ್ಲಿಗೆ ಹಾಸಿಗೆ ಒಯ್ದು ಹಾಕಿತು. ಟ್ಯಾಂಕರ್ ತಡವಾಗುವ ಭಯವಿಲ್ಲ. ಬಸ್ಸಿನ ಮೇಲೆ ಇಷ್ಟು ಪ್ರೀತಿಯಿದ್ದರೂ ಈ ಪಂದ್ಯದಲ್ಲಿ ತೋರಣಗಲ್ಲಿಗೇ ನನ್ನ ಮತ. ಅದೇ ವರ್ಷ ನಾನು ನಿವೃತ್ತನಾದೆ. ಬೀಳ್ಕೊಡುಗೆಗೆ ಮಾಸ್ಕ್ ಹಾಕಿದ ಒಂಬತ್ತು ಜನ, ಒಂದು ಶಾಲು.

ಆಮೇಲಿನದು ದೆಹಲಿಯ ಕಾಗದ. 2023ರ ಜನವರಿಯಲ್ಲಿ ಹೊರಟ ಅಧಿಸೂಚನೆಯ ಪ್ರಕಾರ, 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ಆ ಏಪ್ರಿಲ್ 1ರಿಂದ ರದ್ದು. ಸಾರಿಗೆ ನಿಗಮಗಳ ಬಸ್ಸೂ ಸೇರಿ. ರಕ್ಷಣೆ, ಕಾನೂನು ಸುವ್ಯವಸ್ಥೆಯ ವಿಶೇಷ ವಾಹನಗಳಿಗೆ ವಿನಾಯಿತಿ. ಹೊಗೆಯ ಮಾತು ನನಗೂ ಅರ್ಥವಾಗುತ್ತದೆ. ಆದರೆ ಬಿ.ಡಿ. ವ್ಯಾನ್ ವರ್ಷಕ್ಕೆ ಓಡುವುದು ಎಷ್ಟು? ಅದರ ಬದುಕಿನ ಮುಕ್ಕಾಲು ಪಾಲು ಜಾಲಿ ಗಿಡದ ಕೆಳಗೆ, ಫೋನಿಗೆ ಕಾಯುತ್ತಾ. ಕಿಲೋಮೀಟರಿನ ಲೆಕ್ಕದಲ್ಲಿ ಅದು ಇನ್ನೂ ಹುಡುಗ, ವರ್ಷದ ಲೆಕ್ಕದಲ್ಲಿ ಮುದುಕ.

ಆ ಬೇಸಿಗೆ ಪಿ.ಎಫ್. ಕಾಗದಕ್ಕೆಂದು ಡಿಪೋಗೆ ಹೋದಾಗ ನನ್ನ ವ್ಯಾನನ್ನು ಎಳೆದೊಯ್ಯಲು ಬಂದಿದ್ದರು. ಹರಾಜು ಆನ್‌ಲೈನಿನಲ್ಲಿ ಮುಗಿದಿತ್ತು. ಟೈರು, ಜಾಕು, ಕಟರ್ ಸ್ಟೋರಿಗೆ ವಾಪಸ್ಸು. ವೈಸ್ ಬೆಂಚು ಬೆಸುಗೆ ಹಾಕಿದ್ದೆನಾದ್ದರಿಂದ ಗಾಡಿಯ ಜೊತೆಗೇ ಹೋಗುತ್ತದಂತೆ. ತೂಕದ ಚೀಟಿ ಹಿಡಿದ ಹುಡುಗ ಹಿಂಬಾಗಿಲು ತೆಗೆದು ಇಣುಕಿದ. ‘ಇದೇನ್ ಕಲ್ಲು? ಇಳಿಸ್ರಪ್ಪ, ತೂಕ ಕೆಡ್ತೈತೆ.’

ನಾನೇ ಇಳಿಸಿದೆ. ಸ್ಕೂಟರಿನ ಕಾಲಿಡುವ ಜಾಗದಲ್ಲಿ ಇಟ್ಟುಕೊಂಡು ಹಲಕುಂದಿಗೆ ತಂದೆ. ಈಗ ಮನೆ ಮುಂದೆ ಇಳಿಜಾರಿನಲ್ಲಿ ಮಗನ ಗೂಡ್ಸ್ ಆಟೋದ ಹಿಂದಿನ ಚಕ್ರದ ಕೆಳಗಿದೆ. ಆ ಆಟೋದ ಹ್ಯಾಂಡ್‌ಬ್ರೇಕ್ ಹಿಡಿಯುವುದಿಲ್ಲ.