ಕಟಕದಿಂದ ಹೊರಟ ಭತ್ತ

1943ರ ಬಂಗಾಳದ ಕ್ಷಾಮವು ಲಕ್ಷಾಂತರ ಜನರನ್ನು ಬಲಿಗೊಂಡ ತರುವಾಯ, 1946ರಲ್ಲಿ ಒರಿಸ್ಸದ ಕಟಕದಲ್ಲಿ ಕೇಂದ್ರ ಭತ್ತ ಸಂಶೋಧನಾ ಸಂಸ್ಥೆಯು ಸ್ಥಾಪಿತವಾಗಿ, ಕೊಯಮತ್ತೂರಿನಲ್ಲಿ ನುರಿತಿದ್ದ ಸಸ್ಯತಳಿಜ್ಞ ಕೆ. ರಾಮಯ್ಯನವರು ಅದರ ಪ್ರಥಮ ನಿರ್ದೇಶಕರಾದರು. ನಮ್ಮ ನಾಡತಳಿಗಳು ನೀಳಕಾಯದವು. ಸಾರಜನಕದ ಗೊಬ್ಬರವನ್ನು ಧಾರಾಳವಾಗಿ ಉಣಿಸಿದೊಡನೆ ಮತ್ತಷ್ಟು ಎತ್ತರಕ್ಕೆ ಬೆಳೆದು, ತೆನೆಯ ಭಾರವನ್ನು ಹೊರಲಾರದೆ ನೆಲಕ್ಕೊರಗುತ್ತಿದ್ದವು. ಜಪಾನಿನ ತಳಿಗಳೋ ಗೊಬ್ಬರವನ್ನು ಕಾಳಾಗಿಸಬಲ್ಲವಾದರೂ ಉಷ್ಣವಲಯದ ಹವೆಗೆ ಒಗ್ಗುತ್ತಿರಲಿಲ್ಲ. ಇವೆರಡನ್ನೂ ಕೂಡಿಸುವ ಯೋಜನೆಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಆಶ್ರಯದಲ್ಲಿ 1950ರ ದಶಕದಲ್ಲಿ ಕಟಕದಲ್ಲಿಯೇ ಕೈಗೊಂಡಾಗ, ಸಂಕರಸಸ್ಯಗಳಲ್ಲಿ ಬಹುಪಾಲು ಜೊಳ್ಳನ್ನೇ ಹೊತ್ತು ನಿಂತವು. ಫಲ ಅತ್ಯಲ್ಪವೆಂದು ಆ ಉದ್ಯಮವನ್ನು ಹಳಿಯುವುದು ಸುಲಭ. ನನಗಂತೂ ಅದು ನ್ಯಾಯವೆನಿಸದು. ಏಕೆಂದರೆ ಅದರಿಂದಲೇ ತಂಜಾವೂರಿಗೆ ಎ.ಡಿ.ಟಿ. 27 ಎಂಬ ತಳಿಯೂ, ತೈವಾನಿನ ತಾಯ್ಚುಂಗ್ 65ನ್ನು ಮಾಯಾಂಗ್ ಎಬೋಸ್ 80ರೊಡನೆ ಸಂಕರಿಸಿದ ಸಂತತಿಯಿಂದ ಮಲೇಷ್ಯಕ್ಕೆ 1965ರಲ್ಲಿ ಮಹ್ಸೂರಿಯೂ ದೊರೆತವು. ಆ ಮಹ್ಸೂರಿಯು ಬಂಗಾಳಕೊಲ್ಲಿಯನ್ನು ಮರಳಿ ದಾಟಿ ಬಂದು, ಆಂಧ್ರದ ಬಾಪಟ್ಲದಲ್ಲಿ ಸೋನಾ ತಳಿಯೊಡನೆ ಬೆರೆತು, ಗಂಗಾವತಿ, ಸಿಂಧನೂರುಗಳ ಕಾಲುವೆಯ ಬಯಲಿಗೂ ಹಬ್ಬಿ, ಸೋನಾ ಮಸೂರಿಯೆಂಬ ಹೆಸರಿನಿಂದ ನಮ್ಮ ಮನೆಗಳ ಅನ್ನವಾಯಿತು.