ಹೊಸ ಸೈನಿಕರಲ್ಲಿ ಅಡೆನೊವೈರಸ್ ಪ್ರತಿಕಾಯ: ಒಂದು ಸಮೀಕ್ಷೆಯನ್ನು ಓದುವ ಬಗೆ

ಅಮೆರಿಕದ ಸೇನಾ ತರಬೇತಿ ಶಿಬಿರಗಳಿಗೆ ಜ್ವರ, ಗಂಟಲುನೋವು, ಕೆಮ್ಮು ಹಳೆಯ ಪಿಡುಗು. ಇದರ ಹಿಂದಿರುವ ಅಡೆನೊವೈರಸ್ಸನ್ನು ಮಿಸೌರಿಯ ಫೋರ್ಟ್ ಲಿಯೊನಾರ್ಡ್ ವುಡ್ ಶಿಬಿರದ ರೋಗಿಗಳಲ್ಲಿ ಗುರುತಿಸಿ ಹಿಲ್‌ಮನ್ ಮತ್ತು ವರ್ನರ್ 1954ರಲ್ಲಿ ವರದಿ ಮಾಡಿದರು. ಶಿಬಿರಗಳನ್ನು ಕಾಡಿದ್ದು ಮುಖ್ಯವಾಗಿ 4 ಮತ್ತು 7ನೆಯ ಮಾದರಿಗಳು. 1971ರಿಂದ ಸೇನೆ ಲಸಿಕೆಯ ಮಾತ್ರೆ ನುಂಗಿಸತೊಡಗಿತು, ಕಾಯಿಲೆ ಇಳಿಯಿತು. ತಯಾರಿಸುತ್ತಿದ್ದ ಏಕೈಕ ಕಂಪನಿ 1996ರಲ್ಲಿ ಕೈಬಿಟ್ಟಿತು.

ಹಾಗಾದರೆ ಲಸಿಕೆಯಿಲ್ಲದೆ ಬರುವ ಯುವಕರಲ್ಲಿ ಎಷ್ಟು ಮಂದಿಗೆ ರಕ್ಷಣೆಯಿದೆ? 1998ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು 303 ಮಂದಿ ಹೊಸ ಸೈನಿಕರ ಸೀರಮ್ ಪರೀಕ್ಷಿಸಿತು. ಹೆಚ್ಚುಕಡಿಮೆ ಶೇ. 90ರಷ್ಟು ಜನ ಎರಡರಲ್ಲಿ ಒಂದು ಮಾದರಿಗಾದರೂ ಈಡಾಗುವಂತಿದ್ದರು. ನಗರದಾಚೆಯಿಂದ ಬಂದವರಲ್ಲಿ 4ನೆಯ ಮಾದರಿಯ ಪ್ರತಿಕಾಯ ಇನ್ನೂ ವಿರಳ. ಹಳ್ಳಿಯ ಗಟ್ಟಿ ಮೈ ಇಲ್ಲಿ ನೆರವಿಗೆ ಬರುವುದಿಲ್ಲ. ಬಾಲ್ಯದಲ್ಲಿ ಸಾಮಾನ್ಯವಾಗಿ ತಗಲುವುದು 1, 2, 5ನೆಯ ಮಾದರಿಗಳು. ಅವುಗಳಿಂದ ಬಂದ ಪ್ರತಿಕಾಯ 4 ಮತ್ತು 7ನ್ನು ತಡೆಯುವುದೆಂದು ನೆಚ್ಚಿಕೊಳ್ಳುವಂತಿಲ್ಲ.

ಪ್ರತಿಕಾಯವನ್ನು ಅಳೆಯುವ ತಟಸ್ಥೀಕರಣ ಪರೀಕ್ಷೆಯಲ್ಲಿ ಸೀರಮನ್ನು ಹಂತಹಂತವಾಗಿ ತೆಳುವಾಗಿಸಿ, ಗೊತ್ತಾದ ಪ್ರಮಾಣದ ವೈರಸ್ಸಿನೊಡನೆ ಬೆರೆಸಿ, ಜೀವಕೋಶಗಳ ಪದರದ ಮೇಲೆ ಬಿಡುತ್ತಾರೆ. ಪ್ರತಿಕಾಯವಿದ್ದರೆ ಪದರ ಹಾಗೇ ಉಳಿಯುತ್ತದೆ. ಇಲ್ಲದಿದ್ದರೆ ಕೋಶಗಳು ಉಬ್ಬಿ ದುಂಡಗಾಗಿ ದ್ರಾಕ್ಷಿಗೊಂಚಲಿನಂತೆ ಕಾಣುತ್ತವೆ. ಎಷ್ಟು ತೆಳುವಾದಾಗಲೂ ತಡೆದರೆ 'ಇದೆ' ಎನ್ನಬೇಕೆಂಬ ಗೆರೆಯನ್ನು ಎಳೆಯುವವರು ಮಾತ್ರ ಸಂಶೋಧಕರೇ.

ಆದರೆ ಶೇಕಡಾವಾರು ಲೆಕ್ಕವೊಂದರಿಂದಲೇ ಜ್ವರ ಹಬ್ಬುವುದಿಲ್ಲ. ಅದೇ ವಯಸ್ಸಿನ ನಾಗರಿಕರಲ್ಲಿ ಈ ಮಾದರಿಗಳು ಇಂಥ ಹಾವಳಿ ಎಬ್ಬಿಸುವುದು ಅಪರೂಪ. ದೇಶದ ಮೂಲೆಮೂಲೆಯಿಂದ ಬಂದವರು ಒಂದೇ ಹಜಾರದಲ್ಲಿ ಒತ್ತಾಗಿ ಮಲಗುವುದು, ವಾರವಾರವೂ ಹೊಸ ತಂಡ ಬಂದು ಸೇರುವುದು, ದಣಿವು ಇವೆಲ್ಲ ಕೂಡಿದಾಗಲೇ ಸೀರಮ್ಮಿನ ಅಂಕಿ ರೋಗವಾಗುತ್ತದೆ. ನನ್ನ ಮಟ್ಟಿಗೆ, ಮಂಚಗಳ ಅಂತರವನ್ನು ಹೇಳದ ಸಮೀಕ್ಷೆ ಅರ್ಧ ಸಮೀಕ್ಷೆ.

1999ಕ್ಕೆ ಹಳೆಯ ಲಸಿಕೆಯ ದಾಸ್ತಾನು ಮುಗಿಯಿತು. 2000ದಲ್ಲಿ ಇಲಿನಾಯ್‌ನಲ್ಲಿ ಆರೋಗ್ಯವಾಗಿದ್ದ ಇಬ್ಬರು ತರಬೇತಿನಿರತರು ಅಡೆನೊವೈರಸ್ ಸಂಬಂಧಿತ ಕಾಯಿಲೆಯಿಂದ ಸತ್ತರು. ಲಸಿಕೆ ಮರಳಿದ್ದು 2011ರಲ್ಲಿ: ಎರಡು ಮಾತ್ರೆ, ಒಂದೊಂದರಲ್ಲಿ ಒಂದೊಂದು ಮಾದರಿಯ ಜೀವಂತ ವೈರಸ್. ಅಗಿಯದೆ ನುಂಗಬೇಕು, ಲೇಪನ ಕರುಳಿನಲ್ಲಿ ಕರಗಿ, ವೈರಸ್ ಅಲ್ಲೇ ಬೆಳೆದು, ಶ್ವಾಸಕೋಶಕ್ಕೆ ತೊಂದರೆ ಕೊಡದೆ ಪ್ರತಿಕಾಯ ಹುಟ್ಟಿಸುತ್ತದೆ. ಮಲದಲ್ಲಿ 28 ದಿನಗಳವರೆಗೂ ಅದು ಹೊರಬೀಳಬಹುದು. ಹೀಗಾಗಿ ಪಕ್ಕದವರ ಪ್ರತಿಕಾಯವೂ ಮಾತ್ರೆಯದೇ ಆಗಿರಬಹುದು. ಸಹಜ ಸೋಂಕಿನ ಪ್ರಮಾಣ ತಿಳಿಯಬೇಕಾದರೆ ಶಿಬಿರಕ್ಕೆ ಕಾಲಿಟ್ಟ ದಿನವೇ, ಮಾತ್ರೆಗೆ ಮುಂಚೆ, ರಕ್ತ ತೆಗೆಯಬೇಕು.