ಹಳೆಯ ಕಾರುಗಳಲ್ಲಿ ಹ್ರಸ್ವಮಂಡಲದ ಪತ್ತೆ

ಹ್ರಸ್ವಮಂಡಲ ಅಥವಾ ಶಾರ್ಟ್ ಸರ್ಕ್ಯೂಟ್ ಎಂದರೆ ವಿದ್ಯುತ್ ಪ್ರವಾಹವು ದೀಪ, ಹಾರ್ನ್, ಮೋಟಾರು ಮೊದಲಾದ ಉಪಕರಣಗಳ ಮೂಲಕ ಹಾದುಹೋಗದೆ, ಅತ್ಯಲ್ಪ ರೋಧವಿರುವ ಅಡ್ಡದಾರಿಯಿಂದ ಬ್ಯಾಟರಿಗೆ ಮರಳುವ ಸ್ಥಿತಿ. ಹಳೆಯ ಕಾರುಗಳಲ್ಲಿ ಇದು ಬಹುಮಟ್ಟಿಗೆ ತಂತಿಯ ಹೊದಿಕೆ ಹರಿದು, ಒಳಗಿನ ತಾಮ್ರವು ಕಾರಿನ ಲೋಹದ ಮೈಗೆ ತಾಗುವುದರಿಂದ ಉಂಟಾಗುತ್ತದೆ. ಫ್ಯೂಸ್ ಸುಡುವುದು ಈ ದೋಷದ ಸೂಚನೆಯೇ ಹೊರತು ಅದೇ ದೋಷವಲ್ಲ. ದೋಷದ ಸ್ಥಳವನ್ನು ಕಂಡುಹಿಡಿಯದೆ ಹೆಚ್ಚು ಸಾಮರ್ಥ್ಯದ ಫ್ಯೂಸ್ ಅಥವಾ ತಾಮ್ರದ ಎಳೆಯನ್ನು ಹಾಕಿದರೆ ಕಾರಿಗೆ ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ.

ತತ್ತ್ವ

ಕಾರಿನ ಬಹುತೇಕ ಉಪಕರಣಗಳಿಗೆ ಬ್ಯಾಟರಿಯಿಂದ ಒಂದೇ ತಂತಿ ಹೋಗುತ್ತದೆ. ಪ್ರವಾಹವು ಕಾರಿನ ಲೋಹದ ಮೈಯ ಮೂಲಕ ಮರಳುತ್ತದೆ. ಇದನ್ನು ಬಾಡಿ ಅರ್ತ್ ಎನ್ನುತ್ತಾರೆ. 12 ವೋಲ್ಟ್ ವ್ಯವಸ್ಥೆಯಲ್ಲಿ 55 ವ್ಯಾಟ್‌ನ ಒಂದು ಹೆಡ್‌ಲೈಟ್ ಸುಮಾರು 4.6 ಆಂಪಿಯರ್ ಪ್ರವಾಹವನ್ನು ಎಳೆಯುತ್ತದೆ. ಅದೇ ತಂತಿ ಮೈಗೆ ತಾಗಿ ಒಟ್ಟು ರೋಧ 0.1 ಓಮ್‌ಗೆ ಇಳಿದರೆ, ಓಮ್‌ನ ನಿಯಮದಂತೆ ಪ್ರವಾಹ 120 ಆಂಪಿಯರ್ ಆಗುತ್ತದೆ. ತಂತಿಯಲ್ಲಿ ಹುಟ್ಟುವ ಉಷ್ಣವು ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ಅದು 600 ಪಟ್ಟಿಗೂ ಹೆಚ್ಚಾಗುತ್ತದೆ. ಫ್ಯೂಸ್ ಇಲ್ಲದ ಮಾರ್ಗದಲ್ಲಿ ತಂತಿಯೇ ಕಾದು ಸುಡುತ್ತದೆ.

ಹಿಂದೂಸ್ತಾನ್ ಅಂಬಾಸಿಡರ್ ಕಾರು ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನ ವಿನ್ಯಾಸವನ್ನು ಆಧರಿಸಿದ್ದು, ಅದರ ತಯಾರಿಕೆ 2014ರಲ್ಲಿ ನಿಂತಿತು. 1950-60ರ ದಶಕಗಳ ಅನೇಕ ಬ್ರಿಟಿಷ್ ಕಾರುಗಳಲ್ಲಿ ಕೇವಲ ಎರಡು ಗಾಜಿನ ಫ್ಯೂಸ್‌ಗಳಿದ್ದವು. ಹೆಡ್‌ಲೈಟ್ ಮಾರ್ಗಕ್ಕೆ ಹಲವು ಬಾರಿ ಫ್ಯೂಸೇ ಇರುತ್ತಿರಲಿಲ್ಲ. ಒಂದೇ ಫ್ಯೂಸ್ ಹಲವು ಉಪಕರಣಗಳನ್ನು ಕಾಯುವುದರಿಂದ, ಅದು ಸುಟ್ಟಾಗ ದೋಷ ಯಾವ ಶಾಖೆಯಲ್ಲಿದೆ ಎಂಬುದು ತಕ್ಷಣ ತಿಳಿಯುವುದಿಲ್ಲ.

ಕಾರಣಗಳು

* ವಯಸ್ಸಾದಂತೆ ರಬ್ಬರ್ ಅಥವಾ ಪ್ಲಾಸ್ಟಿಕ್ ಹೊದಿಕೆ ಗಡಸಾಗಿ ಬಿರಿಯುವುದು.
* ಲೋಹದ ತಗಡಿನ ರಂಧ್ರದಲ್ಲಿರುವ ರಬ್ಬರ್ ಬಳೆ ಕಳಚಿ, ಅಂಚಿಗೆ ತಂತಿ ಉಜ್ಜಿಕೊಳ್ಳುವುದು.
* ಬಾಗಿಲು ಮತ್ತು ಡಿಕ್ಕಿಯ ಕೀಲುಗಳ ಬಳಿ ತಂತಿ ಪದೇ ಪದೇ ಬಾಗಿ ಸವೆಯುವುದು.
* ಹೊಗೆಕೊಳವೆಯ ಶಾಖ ತಗುಲಿ ಹೊದಿಕೆ ಕರಗುವುದು.
* ನಂತರ ಅಳವಡಿಸಿದ ಹಾರ್ನ್, ಹೆಚ್ಚುವರಿ ದೀಪ ಅಥವಾ ಸ್ಟೀರಿಯೊದ ಜೋಡಣೆ ಸಡಿಲವಾಗುವುದು.
* ಇಲಿ, ಹೆಗ್ಗಣಗಳು ತಂತಿ ಕಡಿಯುವುದು.

ಬಳ್ಳಾರಿ ಜಿಲ್ಲೆಯಂತಹ ಪ್ರದೇಶಗಳಲ್ಲಿ ಇಂತಹ ಹಲವು ಕಾರಣಗಳು ಒಟ್ಟಿಗೆ ಸೇರುತ್ತವೆ. ಇಲ್ಲಿ ಬೇಸಿಗೆಯ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಬಾದನಹಟ್ಟಿ ಇರುವ ಕುರುಗೋಡು ತಾಲ್ಲೂಕು ಹಾಗೂ ನೆರೆಯ ಸಿರುಗುಪ್ಪ ತಾಲ್ಲೂಕಿನಲ್ಲಿ ತುಂಗಭದ್ರಾ ಕಾಲುವೆಗಳ ನೀರಿನಿಂದ ಭತ್ತ ಬೆಳೆಯಲಾಗುತ್ತದೆ. ಭತ್ತದ ಗದ್ದೆ ಮತ್ತು ಧಾನ್ಯದ ಸಂಗ್ರಹ ಇರುವಲ್ಲಿ ಇಲಿಗಳು ಸಹಜವಾಗಿಯೇ ಹೆಚ್ಚು. ಬಹುಕಾಲ ನಿಲ್ಲಿಸಿದ ಕಾರಿನ ಬಾನೆಟ್ಟಿನ ಒಳಭಾಗ ಅವುಗಳಿಗೆ ಆಶ್ರಯವಾಗುತ್ತದೆ. ಇಲಿಯ ಬಾಚಿಹಲ್ಲುಗಳು ಜೀವನಪರ್ಯಂತ ಬೆಳೆಯುವುದರಿಂದ ಅದು ಸದಾ ಏನನ್ನಾದರೂ ಕಡಿಯುತ್ತಿರುತ್ತದೆ.

ಪತ್ತೆ ಹಚ್ಚುವ ವಿಧಾನ

ಪತ್ತೆಕಾರ್ಯದ ಮೂಲಸೂತ್ರ ವಿಭಜನೆ: ಮಂಡಲವನ್ನು ಭಾಗಗಳಾಗಿ ಬೇರ್ಪಡಿಸಿ, ದೋಷವಿಲ್ಲದ ಭಾಗಗಳನ್ನು ಒಂದೊಂದಾಗಿ ಕೈಬಿಡುವುದು.

1. ಫ್ಯೂಸ್ ಯಾವಾಗ ಸುಡುತ್ತದೆ ಎಂಬುದನ್ನು ಗಮನಿಸಬೇಕು. ಒಂದು ನಿರ್ದಿಷ್ಟ ಸ್ವಿಚ್ ಒತ್ತಿದಾಗ ಮಾತ್ರ ಸುಟ್ಟರೆ ದೋಷವು ಆ ಸ್ವಿಚ್ಚಿನಿಂದ ಮುಂದಿನ ಮಾರ್ಗದಲ್ಲಿರುತ್ತದೆ. ಕಾರು ಕುಲುಕಿದಾಗ ಅಥವಾ ಬಾಗಿಲು ತೆರೆದಾಗ ಸುಟ್ಟರೆ ಅಲುಗಾಡುವ ತಂತಿಯನ್ನು ಶಂಕಿಸಬೇಕು.
2. ಸುಟ್ಟ ಫ್ಯೂಸನ್ನು ತೆಗೆದು, ಅದರ ಎರಡು ತುದಿಗಳ ನಡುವೆ 12 ವೋಲ್ಟ್, 21 ವ್ಯಾಟ್‌ನ ಬಲ್ಬನ್ನು ಟೆಸ್ಟ್ ಲ್ಯಾಂಪ್ ಆಗಿ ಜೋಡಿಸಬೇಕು. ಇದು ಪ್ರವಾಹವನ್ನು ಸುಮಾರು 1.75 ಆಂಪಿಯರ್‌ಗೆ ಮಿತಿಗೊಳಿಸುವುದರಿಂದ, ಹಲವು ಫ್ಯೂಸ್‌ಗಳನ್ನು ಸುಡದೆ ಪರೀಕ್ಷೆ ನಡೆಸಬಹುದು. ಹ್ರಸ್ವಮಂಡಲವಿದ್ದರೆ ಬಲ್ಬ್ ಪೂರ್ಣವಾಗಿ ಉರಿಯುತ್ತದೆ.
3. ಆ ಫ್ಯೂಸ್‌ಗೆ ಸೇರಿದ ಉಪಕರಣಗಳನ್ನು ಒಂದೊಂದಾಗಿ ಕಳಚಬೇಕು. ಯಾವುದನ್ನು ಕಳಚಿದಾಗ ಬಲ್ಬ್ ಆರುತ್ತದೆಯೋ ಅದರಲ್ಲೇ ದೋಷವಿದೆ. ಎಲ್ಲವನ್ನೂ ಕಳಚಿದರೂ ಬಲ್ಬ್ ಉರಿಯುತ್ತಿದ್ದರೆ ದೋಷ ತಂತಿಯಲ್ಲಿದೆ.
4. ನಂತರ ತಂತಿಗಳ ಮಧ್ಯದ ಕನೆಕ್ಟರುಗಳನ್ನು ಬಿಡಿಸಬೇಕು. ಬಿಡಿಸಿದಾಗ ಬಲ್ಬ್ ಆರಿದರೆ ದೋಷ ಅದರ ಆಚೆಗಿದೆ. ಉರಿಯುತ್ತಲೇ ಇದ್ದರೆ ಈಚೆಗಿದೆ.
5. ಉಳಿದ ಭಾಗದ ತಂತಿಯನ್ನು ಮೆಲ್ಲಗೆ ಅಲುಗಾಡಿಸುತ್ತ ಸಾಗಬೇಕು. ಬಲ್ಬ್ ಮಿನುಗುವ ಜಾಗದ ಬಳಿ ಹೊದಿಕೆಯನ್ನು ಬಿಡಿಸಿ ನೋಡಬೇಕು.

ಮಲ್ಟಿಮೀಟರ್‌ನಿಂದ ರೋಧವನ್ನು ಅಳೆಯುವಾಗ ಬ್ಯಾಟರಿ ಮತ್ತು ಉಪಕರಣಗಳೆರಡನ್ನೂ ಕಳಚಿರಬೇಕು. ತಣ್ಣಗಿರುವ ಬಲ್ಬಿನ ತಂತುವಿನ ರೋಧ ತೀರ ಕಡಿಮೆ ಇರುವುದರಿಂದ, ಬಲ್ಬನ್ನು ತೆಗೆಯದೆ ಅಳೆದರೆ ಸರಿಯಾದ ಮಂಡಲವೂ ಹ್ರಸ್ವಮಂಡಲದಂತೆ ತೋರಬಹುದು. ಹಳೆಯ ಕಾರುಗಳಲ್ಲಿ ತಂತಿಯ ಬಣ್ಣವನ್ನು ಮಾತ್ರ ನಂಬುವಂತಿಲ್ಲ. ಹಿಂದಿನ ದುರಸ್ತಿಗಳಲ್ಲಿ ಬೇರೆ ಬಣ್ಣದ ತಂತಿ ಸೇರಿರುವ ಸಾಧ್ಯತೆಯಿದೆ.

ಪ್ರವಾಹ ಸೋರಿಕೆ

ಫ್ಯೂಸ್ ಸುಡದೆ, ನಿಂತ ಕಾರಿನ ಬ್ಯಾಟರಿ ಖಾಲಿಯಾಗುವುದು ಬೇರೆ ಬಗೆಯ ದೋಷ. ಅದು 0.5 ಆಂಪಿಯರ್‌ನಷ್ಟಿದ್ದರೂ 40 ಆಂಪಿಯರ್-ಗಂಟೆಯ ಬ್ಯಾಟರಿ ಸುಮಾರು 80 ಗಂಟೆಗಳಲ್ಲಿ ಬರಿದಾಗುತ್ತದೆ. ಇದನ್ನು ಅಳೆಯಲು ಎಲ್ಲ ಸ್ವಿಚ್‌ಗಳನ್ನು ಆರಿಸಿ, ಬ್ಯಾಟರಿ ಮತ್ತು ಅರ್ತ್ ಕೇಬಲ್ ನಡುವೆ ಆಮ್ಮೀಟರ್ ಜೋಡಿಸುತ್ತಾರೆ. ಆಮ್ಮೀಟರ್ ಇರುವಾಗ ಎಂಜಿನ್ ಚಾಲೂ ಮಾಡಬಾರದು.

ಸುರಕ್ಷತೆ ಮತ್ತು ದುರಸ್ತಿ

ತಂತಿಯನ್ನು ಕತ್ತರಿಸುವ ಮೊದಲು ಬ್ಯಾಟರಿಯ ಅರ್ತ್ ಕೇಬಲನ್ನು ಕಳಚಬೇಕು. ಇಂದಿನ ಕಾರುಗಳಲ್ಲಿ ಇದು ಋಣ ತುದಿಯಲ್ಲಿರುತ್ತದೆ. ಬ್ರಿಟನ್ನಿನ ಕೆಲವು ಹಳೆಯ ಕಾರುಗಳಲ್ಲಿ ಧನ ತುದಿಯಲ್ಲಿತ್ತು. ಇನ್ನೊಂದು ತುದಿಯನ್ನು ಮೊದಲು ಬಿಚ್ಚುವಾಗ ಸ್ಪ್ಯಾನರ್ ಮೈಗೆ ತಾಗಿದರೆ ಅಲ್ಲೇ ಹ್ರಸ್ವಮಂಡಲವಾಗುತ್ತದೆ. ಸೀಸ-ಆಮ್ಲ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುವುದರಿಂದ ಅದರ ಬಳಿ ಕಿಡಿ ಹಾರದಂತೆ ನೋಡಿಕೊಳ್ಳಬೇಕು.

ಸುಟ್ಟ ಭಾಗವನ್ನು ಕತ್ತರಿಸಿ ತೆಗೆದು, ಅಷ್ಟೇ ದಪ್ಪದ ತಂತಿಯನ್ನು ಬೆಸೆದು, ಹೊದಿಕೆ ಹಾಕಿ, ಅಂಚುಗಳಿಗೆ ತಾಗದಂತೆ ಕಟ್ಟಬೇಕು. ಸವೆದ ರಬ್ಬರ್ ಬಳೆಯನ್ನು ಬದಲಿಸದಿದ್ದರೆ ಅದೇ ಜಾಗದಲ್ಲಿ ದೋಷ ಮರುಕಳಿಸುತ್ತದೆ. ಟೆಸ್ಟ್ ಲ್ಯಾಂಪ್ ಪೂರ್ಣವಾಗಿ ಉರಿಯದಿರುವುದನ್ನು ಖಚಿತಪಡಿಸಿಕೊಂಡ ಬಳಿಕವೇ ತಯಾರಕರು ಸೂಚಿಸಿದ ಸಾಮರ್ಥ್ಯದ ಫ್ಯೂಸನ್ನು ಅಳವಡಿಸಬೇಕು.